ಆಷಾಢಕ್ಕೆ ಕಾದ ರೋಮಿನ ಟಿಕೆಟ್ಟು

ಹಾಸನದ ಕಣ್ಣಿನ ಆಸ್ಪತ್ರೆಯಲ್ಲಿ ವೈದ್ಯರು ಅಕ್ಕನ ಎರಡೂ ಕಣ್ಣಿನ ಅಕ್ಷಿಪಟ ಸವೆಯುತ್ತಿದೆ ಎಂದರು. ಎಡಗಣ್ಣಿನ ನಡುಭಾಗದ ದೃಷ್ಟಿ ಆಗಲೇ ಹೋಗಿತ್ತು. ತಿಂಗಳಿಗೊಮ್ಮೆ ಚುಚ್ಚುಮದ್ದು ಕೊಟ್ಟರೆ ಬಲಗಣ್ಣನ್ನು ಕೆಲವು ಕಾಲ ಉಳಿಸಿಕೊಳ್ಳಬಹುದು. ಎಷ್ಟು ಕಾಲ ಎಂದು ಹೇಳುವಂತಿಲ್ಲ ಎಂದರು. ಹೊರಗೆ ಬಂದು ಬೆಂಚಿನ ಮೇಲೆ ಕುಳಿತ ಅಕ್ಕ ಕಾಯಿಲೆಯ ಹೆಸರನ್ನೂ ಕೇಳಲಿಲ್ಲ, ಔಷಧದ ಬೆಲೆಯನ್ನೂ ಕೇಳಲಿಲ್ಲ.

"ರೋಮಿಗೆ ಹೋಗಿಬರೋಕೆ ಟಿಕೆಟ್ ಎಷ್ಟಾಗುತ್ತೋ, ವಿಚಾರಿಸು" ಎಂದಳು.

ಅಕ್ಕ ಹೊಳೆನರಸೀಪುರದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು. ರೋಮ್ ಸಾಮ್ರಾಜ್ಯದ ಪಾಠವನ್ನು ಅವಳಿಂದ ಕೇಳಿದವರು ಆ ತಾಲ್ಲೂಕಿನ ತುಂಬ ಇದ್ದಾರೆ. ಆ ಊರನ್ನು ನೋಡಬೇಕೆಂಬ ಆಸೆಯನ್ನು ಅವಳು ಅದುವರೆಗೆ ಯಾರ ಬಳಿಯೂ ಹೇಳಿರಲಿಲ್ಲ. ಹೇಳಿದ ಮೇಲೆ ಮಾತ್ರ ಷರತ್ತುಗಳನ್ನು ಸ್ಪಷ್ಟವಾಗಿ ವಿಧಿಸಿದಳು. ಖರ್ಚು ಅವಳದೇ, ನನ್ನಿಂದಾಗಲಿ ಮಕ್ಕಳಿಂದಾಗಲಿ ಒಂದು ಪೈಸೆ ಸೇರಬಾರದು. ಟಿಕೆಟ್ಟಿಗೆ ಇಷ್ಟು ಎಂದು ಅವಳು ಹೇಳಿದ ಮಿತಿ ದಾಟಬಾರದು. ಜೊತೆಗೆ ನಾನು ಹೋಗಬೇಕು. ನನ್ನ ಟಿಕೆಟ್ಟಿನ ಹಣ ನಾನು ಕೊಟ್ಟುಕೊಳ್ಳಬಹುದು.

ನನ್ನ ವೃತ್ತಿಜೀವನ ಕಳೆದದ್ದು ಶಾಸನಗಳ ಕಾಲನಿರ್ಣಯದಲ್ಲಿ. ದೊಡ್ಡಗದ್ದವಳ್ಳಿಯಂಥ ಊರುಗಳ ಕಲ್ಲುಗಳ ಮುಂದೆ ಕುಳಿತು, ಬರೆದಿರುವ ತಿಥಿಗೂ ವಾರಕ್ಕೂ ಹೊಂದಾಣಿಕೆಯಿದೆಯೇ ಎಂದು ನೋಡಿ, ಇಲ್ಲದಿದ್ದರೆ ತಪ್ಪು ಕೊರೆದವನದೋ ಓದಿದವನದೋ ಎಂದು ನಿಷ್ಕರ್ಷಿಸುವುದು ನನ್ನ ಕೆಲಸವಾಗಿತ್ತು. ಆದ್ದರಿಂದ ಈ ಹೊಣೆಯನ್ನು ಉತ್ಸಾಹದಿಂದಲೇ ಒಪ್ಪಿಕೊಂಡೆ. ಚುಚ್ಚುಮದ್ದಾದ ಮೇಲೆ ಒಂದು ವಾರ ಪ್ರಯಾಣ ಬೇಡವೆಂದು ವೈದ್ಯರು ಹೇಳಿದ್ದರು. ಮುಂದಿನ ಚುಚ್ಚುಮದ್ದಿನ ದಿನದೊಳಗೆ ಹಿಂದಿರುಗಿರಬೇಕು. ನಡುವಿನ ಆ ಅವಧಿಯೊಳಗೆ ಹೋಗುವ ದಿನ, ಬರುವ ದಿನ, ದರ ಮೂರೂ ಕೂಡಿಬರಬೇಕಿತ್ತು.

ಪ್ರತಿದಿನ ಬೆಳಗಿನ ಕಾಫಿಯ ಹೊತ್ತಿಗೆ ಗಣಕಯಂತ್ರದ ಮುಂದೆ ಕೂತು ಬೆಂಗಳೂರು, ಮುಂಬಯಿ, ಕೊಚ್ಚಿ ಮೂರೂ ಕಡೆಯಿಂದ ದರ ನೋಡುತ್ತಿದ್ದೆ. ಕೊಚ್ಚಿಯಿಂದ ಕೆಲವೊಮ್ಮೆ ಅಗ್ಗವಾಗಿ ಕಾಣುತ್ತಿತ್ತು. ಹಾಸನದಿಂದ ಅಲ್ಲಿಗೆ ಹೋಗುವ ಖರ್ಚು, ಒಂದು ರಾತ್ರಿಯ ವಸತಿ ಸೇರಿಸಿದರೆ ಆ ಅಗ್ಗ ಉಳಿಯುತ್ತಿರಲಿಲ್ಲ. ಅತಿ ಕಡಿಮೆ ದರದ ಟಿಕೆಟ್ಟಿನಲ್ಲಿ ಪೆಟ್ಟಿಗೆ ಸೇರಿರುತ್ತಿರಲಿಲ್ಲ, ಅಥವಾ ಕೊಲ್ಲಿ ದೇಶದ ಯಾವುದೋ ವಿಮಾನ ನಿಲ್ದಾಣದಲ್ಲಿ ಇಡೀ ಹಗಲು ಕಾಯಬೇಕಿತ್ತು. ಎರಡು ಬೇರೆ ಟಿಕೆಟ್ಟುಗಳನ್ನು ಜೋಡಿಸಿದರೆ ಇನ್ನೂ ಇಳಿಯುತ್ತಿತ್ತು. ಆದರೆ ಮೊದಲ ವಿಮಾನ ತಡವಾದರೆ ಎರಡನೆಯದಕ್ಕೆ ಯಾರೂ ಜವಾಬ್ದಾರರಲ್ಲ. ಮಿಲಾನಿಗೆ ಹೋಗಿ ಅಲ್ಲಿಂದ ರೈಲು ಹಿಡಿಯಬಹುದಲ್ಲ ಎಂದೆ. "ಬೇಲೂರು ನೋಡೋಕೆ ಹೊರಟವರನ್ನ ಕಡೂರಲ್ಲಿ ಇಳಿಸ್ತೀಯೇನೋ?" ಎಂದು ಅಕ್ಕ ಆ ಯೋಜನೆಯನ್ನು ಮುಗಿಸಿದಳು.

ಅದು ಮಾರ್ಚ್ ತಿಂಗಳು. ಏಪ್ರಿಲ್ ಕೊನೆಯ ಒಂದು ಪ್ರಯಾಣಕ್ಕೆ ದರ ಅಕ್ಕನ ಮಿತಿಗಿಂತ ಸ್ವಲ್ಪವೇ ಮೇಲಿತ್ತು. ಬಾಯಿಬಿಟ್ಟು ಕೇಳಿದ್ದರೆ ಅವಳು ಒಪ್ಪುತ್ತಿದ್ದಳೇನೋ. ನಾನು ಕೇಳಲಿಲ್ಲ, ಏಕೆಂದರೆ ಆಷಾಢ ಬರಲಿ ಎಂದು ತೀರ್ಮಾನಿಸಿದ್ದೆ.

ನನ್ನ ತರ್ಕ ಹೀಗಿತ್ತು. ಆಷಾಢದಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಅರಕಲಗೂಡಿನಲ್ಲಿ ನನ್ನ ಹೆಂಡತಿಯ ತವರಿನ ಎದುರಿಗಿರುವ ಕಲ್ಯಾಣ ಮಂಟಪ ಆ ತಿಂಗಳು ಅರ್ಧ ಬಾಡಿಗೆಗೆ ಸಿಗುತ್ತದೆ. ಸೀರೆ ಅಂಗಡಿಗಳು ಆಷಾಢದ ರಿಯಾಯಿತಿಯೆಂದು ಬಟ್ಟೆಯ ಬ್ಯಾನರು ಕಟ್ಟುತ್ತವೆ. ಜನ ಹೊಸ ಕೆಲಸ ಆರಂಭಿಸುವುದಿಲ್ಲ, ದೂರ ಹೊರಡುವುದಿಲ್ಲ. ಬೇಡಿಕೆ ಕುಸಿದರೆ ಬೆಲೆ ಇಳಿಯಲೇಬೇಕು. ಪಂಚಾಂಗ ತೆರೆದು ಮಾಸದ ಆರಂಭ, ಅಂತ್ಯಗಳನ್ನು ಇಂಗ್ಲಿಷ್ ತಾರೀಖಿಗೆ ಪರಿವರ್ತಿಸಿದೆ. ಮತ್ತೊಂದು ಪಂಚಾಂಗದೊಡನೆ ತಾಳೆ ನೋಡಿದೆ. ಆ ಅವಧಿಯೊಳಗೆ ಅಕ್ಕನ ಎರಡು ಚುಚ್ಚುಮದ್ದುಗಳ ನಡುವಿನ ದಿನಗಳು ಸರಿಯಾಗಿ ಕೂಡುತ್ತಿದ್ದವು.

ಈ ತರ್ಕಕ್ಕೆ ತಜ್ಞರ ಬೆಂಬಲವೂ ದೊರೆಯಿತು. ಶ್ರವಣಬೆಳಗೊಳಕ್ಕೆ ಹೋಗುವಾಗ ನಾನು ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸುತ್ತಿದ್ದೆ. ನಿಲ್ದಾಣದ ಹತ್ತಿರ ನುಗ್ಗೇಹಳ್ಳಿ ಕಡೆಯ ಒಬ್ಬರು ಪ್ರವಾಸದ ಕಚೇರಿ ನಡೆಸುತ್ತಾರೆ. ತೆಂಗಿನ ತೋಟವೂ ಇದೆ. ತಿರುಪತಿಗೆ ಬಸ್ಸು ಬಿಡುತ್ತಾರೆ, ವಿಮಾನದ ಟಿಕೆಟ್ಟನ್ನೂ ತೆಗೆದುಕೊಡುತ್ತಾರೆ. ನನ್ನ ವಿವರಣೆ ಮುಗಿಯುವ ಮೊದಲೇ ಅವರು ಮೇಜು ಕುಟ್ಟಿದರು.

"ಕರೆಕ್ಟಾಗೇಳಿದ್ರಿ ಸಾ! ಆಷಾಡ್ದಲ್ಲಿ ಯಾವನ್ ಓಯ್ತಾನೆ? ಒಸಾ ಸೊಸೇನೇ ತವರ್ಗೆ ಕಳಿಸ್ಬುಟ್ಟು ಮನೇಲಿ ಕುಂತಿರೋ ಜನ, ಇಮಾನ ಅತ್ತಾರಾ? ನನ್ ತಿರುಪ್ತಿ ಬಸ್ಸೇ ಅರ್ಧ ಖಾಲಿ ಓಯ್ತದೆ. ಸುಮ್ಕೆ ಕಾಯಿ ಸಾ, ತಾನಾಗೇ ಇಳೀತದೆ."

ಹೊಳೆನರಸೀಪುರಕ್ಕೆ ಹೋಗಿ ಅಕ್ಕನಿಗೆ ಇದನ್ನೆಲ್ಲ ಹೇಳಿದೆ. "ನೀನು ಲೆಕ್ಕ ಹಾಕಿದ್ದೀಯ ಅಂದ್ಮೇಲೆ ಸರಿಯಾಗೇ ಇರುತ್ತೆ" ಎಂದಳು.

ಮೇ ತಿಂಗಳಲ್ಲಿ ದರ ಏರಿತು. ಇದು ಇಳಿಯುವ ಮುನ್ನಿನ ಏರಿಕೆ ಎಂದುಕೊಂಡೆ. ಜೂನ್ ನಡುವಿಗೆ ಮತ್ತಷ್ಟು ಏರಿತು. ಆಷಾಢದ ಮೊದಲ ದಿನ ನೋಡಿದರೆ ಅದು ಅಕ್ಕನ ಮಿತಿಗೆ ಹೆಚ್ಚುಕಡಿಮೆ ಎರಡರಷ್ಟಾಗಿತ್ತು. ತಾರೀಖು ತಪ್ಪಿರಬಹುದೆಂದು ಮೊದಲು ಪಂಚಾಂಗವನ್ನೇ ಮತ್ತೆ ನೋಡಿದೆನೆಂಬುದನ್ನು ಇಲ್ಲಿ ದಾಖಲಿಸಬೇಕು. ಚನ್ನರಾಯಪಟ್ಟಣಕ್ಕೆ ಫೋನು ಮಾಡಿದೆ.

"ಏನ್ಸಾ ಇದು, ಆಷಾಡ್ದಾಗೆ ಇಂಗ್ ಏರ್ಬುಟ್ಟದೆ!" ಎಂದರು ಅವರು. "ಕಲಿಗಾಲ ಕಣ್ ಸಾ."

ಅದೇ ವಾರ ಅಕ್ಕ ಇನ್ನೊಂದು ವಿಷಯ ಹೇಳಿದಳು. ಬಲಗಣ್ಣಿನಿಂದ ನೋಡಿದರೆ ಕಿಟಕಿಯ ಸರಳುಗಳು ನಡುವೆ ಡೊಂಕಾಗಿ ಕಾಣುತ್ತಿದ್ದವು. ದಿನಪತ್ರಿಕೆಯ ತಲೆಬರಹ ಓದುತ್ತಿದ್ದಳು. ಕೆಳಗಿನ ಅಕ್ಷರ ಬಿಟ್ಟಿದ್ದಳು. ವೈದ್ಯರು ಚುಚ್ಚುಮದ್ದನ್ನು ಯಾವ ಕಾರಣಕ್ಕೂ ತಪ್ಪಿಸಕೂಡದು ಎಂದರು.

ಆಸ್ಪತ್ರೆಯಿಂದ ನಮ್ಮ ಮನೆಗೆ ಬಂದು ಊಟಕ್ಕೆ ಕುಳಿತಾಗ ಅವಳಿಗೆ ದರ ಹೇಳಲೇಬೇಕಾಯಿತು. ನನ್ನ ಹೆಂಡತಿ ಸಾರು ಬಡಿಸುತ್ತಿದ್ದಳು. ಅಕ್ಕ ಅನ್ನ ಕಲಸುತ್ತ ಕೇಳಿದಳು.

"ಲೋ, ರೋಮಿನವರು ಯಾವ ಪಂಚಾಂಗ ನೋಡ್ತಾರೋ? ಒಂಟಿಕೊಪ್ಪಲಿಂದೋ?"

ಹೆಂಡತಿ ಸೌಟು ಹಿಡಿದೇ ನಕ್ಕಳು. ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಅಕ್ಕ ಮುಂದುವರಿಸಿದಳು.

"ಜುಲೈಯಲ್ಲಿ ಅವರಿಗೆಲ್ಲ ಸ್ಕೂಲಿಗೆ ರಜ. ಮೆಡಿಟರೇನಿಯನ್ ವಾಯುಗುಣ ಅಂದ್ರೇನು? ಬೇಸಿಗೆ ಒಣ, ಚಳಿಗಾಲಕ್ಕೆ ಮಳೆ. ಬಿಸಿಲು ಕಾಯೋಕೆ ಪ್ರಪಂಚವೆಲ್ಲ ಅಲ್ಲಿಗೆ ಹೋಗುತ್ತೆ. ಆಷಾಢ ಅವರಿಗೆ ಜಾತ್ರೆ ಕಣೋ. ಒಂಬತ್ತನೇ ಕ್ಲಾಸಿನ ಹುಡುಗೀರಿಗೆ ಬಾಯಿಪಾಠ ಮಾಡಿಸ್ತಿದ್ದೆ ಇದನ್ನ. ನೀನು ಹೇಳ್ದಾಗ ನನಗೂ ತೋಚಲಿಲ್ಲ, ನೋಡು."

"ಹಾಗಾದ್ರೆ ಯಾವಾಗ?"

"ಅಲ್ಲಿ ಮಳೆ ಬರೋವಾಗ. ಯಾರೂ ಹೋಗದೆ ಇರೋವಾಗ."

ಮರುದಿನದಿಂದ ಇಡೀ ವರ್ಷದ ದರಗಳನ್ನು ತಿಂಗಳುವಾರು ಹೋಲಿಸಿದೆ. ಕ್ರಿಸ್ಮಸ್ ರಜೆ ಮುಗಿದ ಮೇಲೆ, ಜನವರಿ ನಡುವಿನಿಂದ, ದರ ಅಕ್ಕನ ಮಿತಿಗಿಂತ ಕೆಳಗೇ ಇತ್ತು. ಬೆಂಗಳೂರಿನಿಂದ ಒಂದೇ ಟಿಕೆಟ್ಟು, ನಡುವೆ ಒಂದೇ ನಿಲುಗಡೆ, ಪೆಟ್ಟಿಗೆಯೂ ಸೇರಿತ್ತು. ಸಂಕ್ರಾಂತಿ ಕಳೆದ ಮೂರನೆಯ ದಿನ ಹೊರಡುವುದು ಎಲ್ಲಕ್ಕಿಂತ ಅಗ್ಗವಾಗಿತ್ತು. ಆದರೆ ನಡುವೆ ಆರು ತಿಂಗಳಿದ್ದವು. ಇಂಥ ಟಿಕೆಟ್ಟನ್ನು ರದ್ದುಮಾಡಿದರೆ ಹಣ ಹಿಂದಿರುಗುವುದಿಲ್ಲ. ಬಲಗಣ್ಣು ಅಲ್ಲಿಯವರೆಗೆ ಉಳಿಯುತ್ತದೆಯೇ ಎಂದು ವೈದ್ಯರನ್ನು ಕೇಳಿದೆ. ಉಳಿಯಲಿ ಎಂದು ಪ್ರಯತ್ನಿಸುತ್ತಿದ್ದೇವೆ ಎಂದರು. ಹಾಗಿದ್ದರೆ ಡಿಸೆಂಬರಿನವರೆಗೆ ಕಾದು ನೋಡಿ ತೆಗೆಯೋಣವೇ ಎಂದು ಅಕ್ಕನನ್ನು ಕೇಳಿದೆ.

"ಒಂದು ಸಲ ಕಾದಿದ್ದಾಯ್ತಲ್ಲ" ಎಂದಳು. ಅದರಲ್ಲಿ ಕೋಪವಿರಲಿಲ್ಲ. "ತೆಗಿ."

ಪುಷ್ಯ ಶೂನ್ಯಮಾಸ, ಅಮಾವಾಸ್ಯೆ ಬೇರೆ ಹತ್ತಿರದಲ್ಲಿದೆ ಎಂದು ನನ್ನ ಹೆಂಡತಿ ಆಕ್ಷೇಪಿಸಿದಳು. "ಶೂನ್ಯಮಾಸದಲ್ಲಿ ಮದುವೆ ಆಗಬಾರದು ಕಣೇ. ನಾನು ಮದುವೆ ಆಗೋಕೆ ಹೋಗ್ತಿಲ್ವಲ್ಲ" ಎಂದಳು ಅಕ್ಕ. ಚನ್ನರಾಯಪಟ್ಟಣದವರು ಟಿಕೆಟ್ಟಿನ ಪ್ರತಿ ತೆಗೆದುಕೊಡುತ್ತ ಬೀಗಿದರು. "ನೋಡಿದ್ರಾ ಸಾ, ಸೂನ್ಯಮಾಸ! ಅದ್ಕೇ ಇಳಿದದೆ. ನಾ ಏಳ್ನಿಲ್ವಾ, ಯಾರೂ ಓಗಾಕಿಲ್ಲ ಅಂತ?" ಕಾರಣ ಅದಲ್ಲವೆಂದು ವಿವರಿಸಲು ತೊಡಗಿದೆ, ಅಷ್ಟರಲ್ಲಿ ನನ್ನ ಬಸ್ಸು ಬಂತು.

ಮುಂದಿನ ತಿಂಗಳುಗಳಲ್ಲಿ ಅಕ್ಕ ಒಂದು ಚುಚ್ಚುಮದ್ದನ್ನೂ ತಪ್ಪಿಸಲಿಲ್ಲ. ಜನವರಿಯ ಸರದಿ ಸಂಕ್ರಾಂತಿಯ ದಿನಕ್ಕೇ ಬಿದ್ದಿತ್ತು. ಆ ದಿನ ಆಸ್ಪತ್ರೆಗೆ ರಜ. ರಜವಿಲ್ಲದೆ ಅಂದೇ ಕೊಡಿಸಿದ್ದರೂ ಪ್ರಯಾಣಕ್ಕೆ ಒಂದು ವಾರದ ಅಂತರ ಉಳಿಯುತ್ತಿರಲಿಲ್ಲ. ಟಿಕೆಟ್ಟಿನ ದಿನವನ್ನು ಆಸ್ಪತ್ರೆಯ ಚೀಟಿಯೊಂದಿಗೆ ಇಟ್ಟು ನೋಡುವಾಗ ಇದು ನವೆಂಬರಿನಲ್ಲೇ ಕಣ್ಣಿಗೆ ಬಿತ್ತು. ವೈದ್ಯರೊಡನೆ ಮಾತಾಡಿ ಸರದಿಯನ್ನು ಹಬ್ಬಕ್ಕೆ ಒಂದು ವಾರ ಮೊದಲಿಗೆ ಮಾಡಿಸಿಕೊಂಡೆವು. ಬೆಂಗಳೂರಿಗೆ ಹೋಗಿ ವೀಸಾಕ್ಕೆ ಬೆರಳಚ್ಚು ಕೊಟ್ಟುಬಂದೆವು. ಹೊರಡುವ ಹೊತ್ತಿಗೆ ಅಕ್ಕ ಪತ್ರಿಕೆಯ ತಲೆಬರಹ ಓದುವುದನ್ನೂ ಬಿಟ್ಟಿದ್ದಳು. ಎದುರಿಗಿರುವ ಮುಖವನ್ನು ನೇರವಾಗಿ ನೋಡಿದರೆ ನಡುವೆ ಮಸಿ ಬಳಿದಂತೆ ಕಾಣುತ್ತದೆ, ಸ್ವಲ್ಪ ಪಕ್ಕಕ್ಕೆ ತಿರುಗಿದರೆ ಅಂಚಿನಲ್ಲಿ ಸಿಗುತ್ತದೆ ಎನ್ನುತ್ತಿದ್ದಳು. ನಾನು ತಡಮಾಡಿದೆನೆಂಬ ಮಾತನ್ನು ಅವಳು ಒಮ್ಮೆಯೂ ಆಡಲಿಲ್ಲ.

ರೋಮಿನಲ್ಲಿ ಮೊದಲ ದಿನ ಸಣ್ಣಗೆ ಮಳೆ ಹಿಡಿದಿತ್ತು. ಸುರಂಗದ ರೈಲಿನಿಂದ ಮೆಟ್ಟಿಲು ಹತ್ತಿ ಹೊರಬಂದರೆ ರಸ್ತೆಯಾಚೆ ಕೊಲೊಸಿಯಮ್ ನಿಂತಿತ್ತು. ಜನ ವಿರಳವಾಗಿದ್ದರು. ನಾನು ಕೊಡೆ ಹಿಡಿದು ನಿಂತೆ. ಅಕ್ಕ ಮೊದಲು ನೇರವಾಗಿ ನೋಡಿದಳು. ಬಳಿಕ ಮುಖವನ್ನು ಎಡಕ್ಕೆ ಹೊರಳಿಸಿ, ಸುಮಾರು ಹೊತ್ತು ಹಾಗೇ ನಿಂತಳು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬಾಕೆ ಇವರು ಏನನ್ನು ನೋಡುತ್ತಿದ್ದಾರೆಂದು ತಾನೂ ಎಡಕ್ಕೆ ತಿರುಗಿ ನೋಡಿದಳು. ಅಲ್ಲಿ ಗೋಡೆಯಷ್ಟೇ ಇತ್ತು.

"ಈ ಕಡೆ ನಾಲ್ಕು ಅಂತಸ್ತಿದೆ ಅಲ್ವೇನೋ?" ಎಂದಳು ಅಕ್ಕ. "ಕೆಳಗಿನ ಮೂರಕ್ಕೆ ಕಮಾನು. ಮೇಲಿನದಕ್ಕೆ ಇಲ್ಲ, ಬರೀ ಚಿಕ್ಕ ಚಿಕ್ಕ ಕಿಟಕಿ."

"ಹೌದು ಅಕ್ಕ."

"ನನಗೆ ಹಿತವಾಗಲಿ ಅಂತ ಹೌದು ಅನ್ನಬೇಡ. ನೋಡಿ ಹೇಳು."

ಕನ್ನಡಕ ಒರೆಸಿಕೊಂಡು ಕೆಳಗಿನಿಂದ ಮೇಲಕ್ಕೆ ನೋಡಿದೆ. ನಾಲ್ಕೇ ಇದ್ದವು. ಮೇಲಿನದಕ್ಕೆ ಕಮಾನಿರಲಿಲ್ಲ.

"ಸರಿಯಾಗಿದೆ."

"ಹಾಗಾದ್ರೆ ನಡಿ. ಆ ಕಡೆ ಕುಸಿದಿದೆಯಲ್ಲ, ಅದನ್ನೂ ನೋಡ್ಬೇಕು" ಎಂದು ಅವಳು ಕೊಡೆಯಿಂದ ಆಚೆ ಹೊರಟೇಬಿಟ್ಟಳು.