ಕುಂಕುಮದ ಕೆಳಗಿನ ದೀಪ

ಬಳ್ಳಾರಿಯ ಗಾಂಧಿನಗರದ ತರಬೇತಿ ಕೇಂದ್ರಕ್ಕೆ ನಾನು ವರ್ಚುವಲೈಸೇಶನ್ ಪರೀಕ್ಷೆಗೆ ಹೆಸರು ಬರೆಸಲು ಹೋದಾಗ, ಪಾಠ ಹೇಳುವವರು ಅರ್ಜಿಯನ್ನೇ ಕೊಡಲಿಲ್ಲ. "ಪುಸ್ತಕ ಓದಿ ಪಾಸಾಗ್ತೀಯವ್ವ, ಅದೇನು ದೊಡ್ಡದಲ್ಲ. ಮೊದಲು ಆರು ತಿಂಗಳು ಓಡೋ ಮಿಷನ್ ಮುಂದ ಕುಂದ್ರು. ಅದು ಕೆಟ್ಟಾಗ ಏನು ಮಾಡಬೇಕಂತ ನಿನಗ ಗೊತ್ತಾಗಬೇಕು," ಅಂದರು. ನನಗೆ ಮೈಯೆಲ್ಲ ಉರಿಯಿತು. ಪುಸ್ತಕವನ್ನು ಅರೆದು ಕುಡಿದವಳಿಗೆ ಹೇಳುವ ಮಾತೇ ಇದು?

ಆದರೂ ಸಿರುಗುಪ್ಪದ ಒಂದು ಖಾಸಗಿ ಆಸ್ಪತ್ರೆಗೆ ಸೇರಿಕೊಂಡೆ. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರು ಒಬ್ಬರೇ. ಅವರನ್ನು ಅಣ್ಣ ಅನ್ನುತ್ತಿದ್ದೆ. ಮೆಟ್ಟಿಲ ಕೆಳಗಿನ ಇಕ್ಕಟ್ಟಾದ ಕೋಣೆಯಲ್ಲಿ ಒಂದೇ ಒಂದು ಸರ್ವರ್. ವರ್ಚುವಲೈಸೇಶನ್ ಅಂದರೆ ಇಷ್ಟೇ: ಒಂದೇ ಮನೆಯಲ್ಲಿ ಹಲವು ಬಾಡಿಗೆದಾರರು, ಪ್ರತಿಯೊಬ್ಬರಿಗೂ ಇಡೀ ಮನೆ ತಮ್ಮದೇ ಎಂಬ ಭ್ರಮೆ. ಲ್ಯಾಬು, ಔಷಧಿ ಅಂಗಡಿ, ರೋಗಿಗಳ ದಾಖಲೆ, ಎಲ್ಲದರ ಕಂಪ್ಯೂಟರೂ ಆ ಒಂದೇ ಪೆಟ್ಟಿಗೆಯೊಳಗೆ ಸಂಸಾರ ಹೂಡಿದ್ದವು.

ಆ ದಾಖಲೆಗಳಲ್ಲಿ ನನ್ನ ದೊಡ್ಡವ್ವನದೂ ಒಂದು. ಕುರುಗೋಡಿನವಳು, ಸಕ್ಕರೆ ಕಾಯಿಲೆ, ಕಾಲಿನ ಹುಣ್ಣಿಗೆ ಈ ಆಸ್ಪತ್ರೆಗೇ ಬರುತ್ತಿದ್ದಳು. ಹಿಂದೊಮ್ಮೆ ಇಲ್ಲೇ ಕೊಟ್ಟ ಯಾವುದೋ ಇಂಜೆಕ್ಷನ್ ಮೈಗೆ ಒಗ್ಗದೆ ಉಸಿರು ನಿಂತೇ ಹೋಗುವ ಹಾಗಾಗಿತ್ತು. ಅದರ ಹೆಸರು ಅವಳಿಗೂ ಗೊತ್ತಿಲ್ಲ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಆಗಿದ್ದ ಡಾಕ್ಟರು ತೀರಿಕೊಂಡಿದ್ದರು. ಚೀಟಿ ಬರೆದು ಕೊಡುವುದನ್ನು ಆಸ್ಪತ್ರೆ ಎಂದೋ ನಿಲ್ಲಿಸಿತ್ತು. ಆ ಹೆಸರು ಇದ್ದದ್ದು ಪೆಟ್ಟಿಗೆಯಲ್ಲಿ ಮಾತ್ರ.

ಅಮಾವಾಸ್ಯೆಗೊಮ್ಮೆ ಅಲ್ಲಿ ಎಲ್ಲ ಯಂತ್ರಗಳಿಗೂ ಪೂಜೆ. ಎಕ್ಸ್‌ರೇ ಮಿಷನ್ನಿನಿಂದ ಹಿಡಿದು ಸರ್ವರಿನವರೆಗೆ ಮೂರು ಬೆರಳಿನ ವಿಭೂತಿ, ನಡುವೆ ದಪ್ಪನೆಯ ಕುಂಕುಮ. ಒಣಗಿದ್ದನ್ನು ಒರೆಸುವ ಧೈರ್ಯ ಯಾರಿಗೂ ಇಲ್ಲ. ಪದರದ ಮೇಲೆ ಪದರ ಕೂತಿತ್ತು. ಒಂದು ಬೆಳಗ್ಗೆ ಧೂಳು ಹೊಡೆಯುವಾಗ ನನ್ನ ದುಪಟ್ಟಾ ತಾಗಿ ಒಂದು ಹಕ್ಕಳೆ ಉದುರಿತು. ಅದರ ಕೆಳಗೆ ಕಿತ್ತಳೆ ಬಣ್ಣದ ದೀಪ ಮಿನುಗುತ್ತಿತ್ತು. ಉಳಿದವೆಲ್ಲ ಹಸಿರು.

ದಾಖಲೆಗಳನ್ನು ಹಿಡಿದಿಡುವ ಡಿಸ್ಕ್‌ಗಳಲ್ಲಿ ಒಂದು ಸತ್ತಿದೆ ಎಂಬುದರ ಗುರುತು ಅದು. ಒಂದು ಸತ್ತರೆ ಉಳಿದವು ಹೇಗೋ ಭಾರ ಹೊರುತ್ತವೆ. ಇನ್ನೊಂದು ಸತ್ತರೆ ಒಳಗಿನದೆಲ್ಲ ಹೋದಂತೆಯೇ. ಎಷ್ಟು ಅಮಾವಾಸ್ಯೆಗಳಿಂದ ಅದು ಹೀಗೆ ಕಣ್ಣು ಮಿಟುಕಿಸುತ್ತಿತ್ತೋ ಯಾರಿಗೆ ಗೊತ್ತು.

"ಅಣ್ಣ, ಬ್ಯಾಕಪ್ ಎಲ್ಲೈತ್ರಿ?" ಅಂದೆ.

ಅವರು ಚಹಾ ಕೆಳಗಿಟ್ಟರು. "ಬ್ಯಾಕಪ್‌ದು ಬ್ಯಾರೇನ ಕಂಪ್ಯೂಟರ್ ಐತಲ್ಲವ್ವ..." ಅಂದವರು ಅರ್ಧಕ್ಕೇ ನಿಂತರು. ಸರ್ವರಿನ ಕಡೆ ಬೆರಳು ಮಾಡಿದರು. "ಅದೂ ಇದರಾಗ ಐತಿ."

ಎರಡನೇ ಬೀಗದ ಕೈಯನ್ನೂ ಮನೆಯೊಳಗೇ ಇಟ್ಟು ಬಾಗಿಲಿಗೆ ಬೀಗ ಹಾಕಿಕೊಂಡಂತೆ. ಸಿಟ್ಟು ಬಂತು, ಅವರ ಮೇಲೂ, ಬ್ಯಾಕಪ್ ಬೇರೆ ಕಡೆ ಇರಬೇಕು ಎಂಬುದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದ ನನ್ನ ಪುಸ್ತಕದ ಮೇಲೂ.

"ಎಲ್ಲಾ ಹೊರಗ ಕಾಪಿ ಮಾಡೋಣ್ರಿ."

"ಬ್ಯಾಡ, ಮುಟ್ಟಬ್ಯಾಡ. ಹಳೇ ಡಿಸ್ಕ್ ಅದಾವ, ಅಷ್ಟು ಕೆಲಸ ಕೊಟ್ರ ಇನ್ನೊಂದು ಹೋಗತೈತಿ," ಅಂದು ಅವರು ಹೊಸ ಡಿಸ್ಕ್ ತರಿಸಲು ಬಳ್ಳಾರಿಗೆ ಫೋನ್ ಹಚ್ಚಿದರು. ದೊಡ್ಡವ್ವನ ಪುಟವೊಂದನ್ನಾದರೂ ನೋಡಿಕೊಳ್ಳೋಣ ಎಂದು ನಾನು ಹೊರಗಿನ ಕಂಪ್ಯೂಟರಿಗೆ ಓಡಿ ಅವಳ ಹೆಸರು ಹೊಡೆದೆ. ಪರದೆಯಲ್ಲಿ ಬಿಳಿ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಅಷ್ಟರಲ್ಲಿ ಕಂಪ್ಯೂಟರ್ ನಿಂತುಹೋಯಿತೆಂದು ಲ್ಯಾಬಿನವರು ಕೂಗಿದರು, ಔಷಧಿ ಅಂಗಡಿಯವರು ಕೂಗಿದರು. ಹಿಂದಿರುಗಿ ಬಂದರೆ ಅಣ್ಣ ಸರ್ವರಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಎರಡನೆಯ ದೀಪವೂ ಕಿತ್ತಳೆಯಾಗಿತ್ತು.

ಅದೇ ವಾರ ದೊಡ್ಡವ್ವನನ್ನು ಜ್ವರದಲ್ಲಿ ಆಟೋದಲ್ಲಿ ಕರೆತಂದರು. ಕಾಲು ಮಂಡಿಯವರೆಗೆ ಕೆಂಪಗೆ ಬಾತಿತ್ತು. ಕೂಡಲೇ ಇಂಜೆಕ್ಷನ್ ಶುರು ಮಾಡಬೇಕೆಂದ ಹೊಸ ಡಾಕ್ಟರು, "ಹಿಂದ ಯಾವುದಾದ್ರೂ ಇಂಜೆಕ್ಷನ್ ನಿಮಗ ಒಗ್ಗಿರಲಿಲ್ಲೇನಮ್ಮ?" ಎಂದು ಕೇಳಿದರು.

ದೊಡ್ಡವ್ವ ನಕ್ಕಳು. "ನನಗೇನು ಕೇಳ್ತೀರಿ? ನಮ್ಮ ಹುಡುಗಿ ಇಲ್ಲೇ ಅದಾಳ, ಆಕಿ ಕಂಪ್ಯೂಟರ್‌ನಾಗ ನೋಡಿ ಹೇಳ್ತಾಳ."

ದಾಖಲೆ ಹೋಗಿದೆ ಅಂದೆ. ಡಾಕ್ಟರು, ಮೊದಲು ಒಂದು ಹನಿ ಚರ್ಮದಡಿ ಕೊಟ್ಟು ಒಗ್ಗುತ್ತದೋ ನೋಡೋಣ ಅಂದು ಆಕ್ಸಿಜನ್ ಸಿಲಿಂಡರನ್ನು ಮಂಚದ ಪಕ್ಕಕ್ಕೆ ತರಿಸಿದರು. ದೊಡ್ಡವ್ವನಿಗೆ ನನ್ನ ಮಾತು ಕೇಳಿಸಲಿಲ್ಲವೋ, ಕೇಳಿಸಿಯೂ ನಂಬಲಿಲ್ಲವೋ. "ನೀ ಅದೀಯಲ್ಲ, ನನಗ್ಯಾತರ ಹೆದರಿಕಿ," ಎಂದು ಕುಪ್ಪಸದ ತೋಳು ಮೇಲೆ ಸರಿಸಿ ಕೈ ಚಾಚಿದಳು.