ಹಂಗಾಮಿ ಗವರ್ನರರ ಹಿತ್ತಾಳೆ ಫಲಕ

ದೆವ್ವ, ಪಿಶಾಚಿ ಅಂದರೆ ನಗುತ್ತಿದ್ದವನು ನಾನು. ನಮ್ಮೂರ ದೈವಕ್ಕೆ ಕೈ ಮುಗಿಯುತ್ತೇನೆ, ಅದು ಬೇರೆ. ಆದರೆ ಸತ್ತ ಸ್ಪೇನಿನವನೊಬ್ಬ ದುಬೈಗೆ ಬಂದು ನನ್ನ ತಲೆ ತಿಂದ ಅಂದರೆ ನೀವಾದರೂ ನಂಬುತ್ತೀರಾ? ನಂಬಬೇಡಿ. ನಡೆದದ್ದನ್ನಷ್ಟೇ ಹೇಳುತ್ತೇನೆ.

ಹತ್ತು ವರ್ಷದ ಹಿಂದೆ ದುಬೈಯ ಸತ್ವಾ ಬಡಾವಣೆಯ ಒಂದು ಫೋಟೋ ಫ್ರೇಮಿನ ಅಂಗಡಿಯಲ್ಲಿ ನಾನು ಹಂಗಾಮಿ ಮ್ಯಾನೇಜರ್. ಭಟ್ಕಳದ ನಮ್ಮ ಸಾಹೇಬರು ಊರಿಗೆ ಹೋಗುವಾಗ "ಸದ್ಯಕ್ಕೆ ನೀನು ನೋಡಿಕೋ" ಅಂದಿದ್ದರು. ಆ 'ಸದ್ಯಕ್ಕೆ' ಮೂರು ವರ್ಷ ಎಳೆದಿತ್ತು. ಖಾಯಂ ಆದರೆ ಹೆಂಡತಿಯನ್ನು ಕರೆಸಿಕೊಳ್ಳಲು ವೀಸಾ ಸಿಗುತ್ತಿತ್ತು. ನನಗೆ ಬೇಕಿದ್ದದ್ದು ಅದೊಂದೇ.

ಅಬುಧಾಬಿಯ ಖಾಲಿದಿಯಾದಿಂದ ಸ್ಪೇನಿನ ಹೆಂಗಸೊಬ್ಬರು ಹಳೆಯ ಚಿತ್ರವೊಂದನ್ನು ತಂದರು. ಆಕೆಯ ಮುತ್ತಜ್ಜನದು. ಸೈನಿಕರಾಗಿದ್ದ ಅವರು ಆಫ್ರಿಕಾದ ಯಾವುದೋ ವಸಾಹತಿನಲ್ಲಿ, ಹೊಸಬರು ಬರುವ ತನಕ, ಹಂಗಾಮಿ ಗವರ್ನರ್ ಆಗಿದ್ದರಂತೆ. ಹಿತ್ತಾಳೆ ಫಲಕಕ್ಕೆಂದು ಕೊಟ್ಟ ಚೀಟಿಯಲ್ಲೂ ಹಾಗೆಯೇ ಬರೆದಿತ್ತು. ನಾನು 'ಹಂಗಾಮಿ' ಬಿಟ್ಟು ಬರೀ 'ಗವರ್ನರ್' ಎಂದು ಕೆತ್ತಿ, ಫಲಕವನ್ನು ಫ್ರೇಮಿಗೆ ಸ್ಕ್ರೂ ಹಾಕಿ ಬಿಗಿದೆ. ಗಲ್ಫಿನಲ್ಲಿ ಹೆಲ್ಪರ್ ಆದವನೂ ಊರಿನಲ್ಲಿ ಸೂಪರ್‌ವೈಸರ್ ಎಂದೇ ಹೇಳಿಕೊಳ್ಳುವುದು. ಸತ್ತವನಿಗೊಂದು ಬಡ್ತಿ ಕೊಟ್ಟರೆ ನನ್ನ ಗಂಟೇನು ಹೋಗುತ್ತದೆ?

ಮಧ್ಯಾಹ್ನ ಒಂದಕ್ಕೆ ಶಟರ್ ಎಳೆದು ಊಟಕ್ಕೆ ಹೋದೆ. ನಾಲ್ಕಕ್ಕೆ ಬಂದು ನೋಡಿದರೆ ಫಲಕ ಮೇಜಿನ ಮೇಲೆ, ಪಕ್ಕದಲ್ಲಿ ಎರಡು ಸ್ಕ್ರೂ. ಬೀಗದ ಕೈ ಇದ್ದದ್ದು ನನ್ನೊಬ್ಬನ ಬಳಿ. ಮತ್ತೆ ಬಿಗಿದೆ. ಮರುದಿನವೂ ಅದೇ ಕಥೆ. ಮೂರನೇ ದಿನ ಊಟ ಬಿಟ್ಟು, ಶಟರ್ ಎಳೆದುಕೊಂಡು, ಚಿತ್ರದ ಎದುರೇ ಕೂತೆ. ನಿದ್ದೆ ಮಾಡಲಿಲ್ಲ, ಆಣೆ. ಹೆಂಡತಿಯ ಫೋನ್ ಬಂತು, "ಇನ್ನೆಷ್ಟು ಸಮಯ ಮಾರಾಯ್ರೆ?" ಎಂದಳು. ಏನೋ ಸಬೂಬು ಹೇಳಿ ಫೋನಿಟ್ಟರೆ ಫಲಕ ನನ್ನ ತೊಡೆಯ ಮೇಲೆ!

ಹೆದರಿಕೆಗಿಂತ ಹೆಚ್ಚು ಸಿಟ್ಟು ಬಂತು. "ಎಂಥ ಉಪದ್ರ ಮಾರಾಯ ನಿಂದು! ಖಲಾಸ್, ಹಂಗಾಮಿಯಾಗಿಯೇ ಇರು!" ಎಂದು ಚಿತ್ರಕ್ಕೆ ಬೈದು, ಚೀಟಿಯಲ್ಲಿದ್ದಂತೆ ಹೊಸ ಫಲಕ ಕೆತ್ತಿದೆ. ಅದು ಅಲುಗಲಿಲ್ಲ.

ಒಯ್ಯಲು ಬಂದ ಆಕೆ ಫಲಕವನ್ನು ಬೆರಳಿನಿಂದ ಸವರಿದರು. "ಮುತ್ತಜ್ಜ ಖಾಯಂ ಆದೇಶ ಬರುತ್ತದೆಂದು ಸಾಯುವ ತನಕ ಕಾದರು, ಬರಲಿಲ್ಲ. ಯಾರಾದರೂ ಬರೀ ಗವರ್ನರ್ ಎಂದು ಕರೆದರೆ ಸಿಡಿಮಿಡಿಗೊಳ್ಳುತ್ತಿದ್ದರಂತೆ" ಎಂದರು. ಮೊದಲ ಫಲಕದ ವಿಷಯ ನಾನು ಯಾರಿಗೂ ಹೇಳಿರಲಿಲ್ಲ.

ಆಕೆ ಹೋದ ಕೂಡಲೇ ಸಾಹೇಬರಿಗೆ ಫೋನ್ ಹಚ್ಚಿ, ಮೂರು ವರ್ಷದಲ್ಲಿ ಮೊದಲ ಸಲ ನೇರವಾಗಿ ಕೇಳಿದೆ: "ಸಾಹೇಬ್ರೆ, ನನ್ನನ್ನು ಖಾಯಂ ಮಾಡ್ತೀರಾ ಇಲ್ವಾ?"

"ಅವಸರ ಎಂತಕ್ಕೆ? ನೋಡುವ," ಎಂದರು.

ಆ ಸ್ಕ್ರೂಗಳನ್ನು ಯಾರು ಬಿಚ್ಚಿದರೆಂದು ನನಗೆ ಇವತ್ತಿಗೂ ತಿಳಿಯದು. ಎಷ್ಟು ಯೋಚಿಸಿದರೂ ತಲೆಬುಡ ಸಿಗುವುದಿಲ್ಲ. ಅವತ್ತು ಸಂಜೆ ಮಾತ್ರ ಹೆಂಡತಿಗೆ ಫೋನ್ ಮಾಡಿ, "ನೀನು ಬರುವುದು ಬೇಡ, ನಾನೇ ಬರ್ತೇನೆ" ಎಂದೆ.