ಬೆನ್ನು ತಿರುಗಿಸಿ ಕುಳಿತ ಸಂಶಯಪ್ಪ

ಆಫೀಸಿನಲ್ಲಿ ಅವನಿಗೆ ಸಂಶಯಪ್ಪ ಎಂದೇ ಹೆಸರು. ಬೇರೆಯವರು ಕಟ್ಟಿದ ನ್ಯೂರಲ್ ನೆಟ್‌ವರ್ಕುಗಳು, ಅಂದರೆ ಉದಾಹರಣೆ ನೋಡಿ ತಾವೇ ಕಲಿಯುವ ಕಂಪ್ಯೂಟರ್ ಪ್ರೋಗ್ರಾಮುಗಳು, ನಿಜಕ್ಕೂ ಏನಾದರೂ ಕಲಿತಿವೆಯೋ, ಇಲ್ಲಾ ಅದೃಷ್ಟದ ಮೇಲೆ ಬೀಗುತ್ತಿವೆಯೋ ಎಂದು ಸಂಖ್ಯಾಶಾಸ್ತ್ರದ ಸಾದಾ ಪರೀಕ್ಷೆಗಳಿಂದ ನೋಡುವುದು ಅವನ ಕೆಲಸ. ಯಾರಾದರೂ ಇವತ್ತು ಚಳಿ ಜಾಸ್ತಿ ಎಂದರೂ "ಯಾವುದಕ್ಕೆ ಹೋಲಿಸಿ?" ಎಂದು ಕೇಳುವ ಆಸಾಮಿ.

ಈ ಸಲ ಅವನ ಮೇಜಿಗೆ ಬಂದದ್ದು, ಪಾರ್ಶ್ವವಾಯು ಬಡಿದು ನಾಲಿಗೆ ತೊದಲುವವರ ಮಾತನ್ನು ಕೇಳಿಸಿಕೊಂಡು ಸ್ಪಷ್ಟ ದನಿಯಲ್ಲಿ ಹೇಳುವ ಯಂತ್ರ. ಅದಕ್ಕಾಗಿ ಕಾಯುತ್ತಿದ್ದವರಲ್ಲಿ ಅವನ ಸ್ವಂತ ತಂಗಿಯೂ ಒಬ್ಬಳು. ಕಾಯಿಲೆ ಅವಳ ಬಲಗೈಯನ್ನು ಮುಕ್ಕಾಲು ಪಾಲು ಹಿಂದಿರುಗಿಸಿತ್ತು, ಮಾತನ್ನು ಹಿಂದಿರುಗಿಸಿರಲಿಲ್ಲ. ಕತ್ತರಿ ಹಿಡಿಯಬಲ್ಲಳು, ಆದರೆ "ತೋಳು ಸಡಿಲ ಇರ್ಲಾ, ಬಿಗಿ ಇರ್ಲಾ?" ಎಂದು ಕೇಳಿದರೆ, ಬಾಯಲ್ಲಿ ಹತ್ತಿ ತುರುಕಿಕೊಂಡಂತೆ ಕೇಳಿಸಿ ಗಿರಾಕಿಗಳು ಕಕ್ಕಾಬಿಕ್ಕಿಯಾಗುತ್ತಿದ್ದರು. ಹೊಲಿಗೆ ಅಂಗಡಿ ಮುಚ್ಚಿತ್ತು. ಯಂತ್ರ ಬಂದ ದಿನ ಬಾಗಿಲು ತೆಗೆಯುತ್ತೇನೆಂದು ಕುಳಿತಿದ್ದಳು. ಆಸ್ಪತ್ರೆಯ ಪ್ರಯೋಗದಲ್ಲಿ ಅದು ಅವಳ ಮಾತನ್ನೆಲ್ಲ ತಪ್ಪಿಲ್ಲದೆ ಹೇಳಿತ್ತು. ಅವತ್ತು ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಿದ್ದಳು.

"ನೂರಕ್ಕೆ ತೊಂಬತ್ತಾರು!" ಎಂದರು ಮ್ಯಾನೇಜರು, ಹುಟ್ಟಿದ ಮಗುವಿನ ತೂಕ ಹೇಳುವವರಂತೆ. "ಒಂದು ಸಹಿ ಹಾಕ್ಬಿಡಿ ಸಾರ್, ಮುಗೀತು."

ಸಹಿ ಹಾಕಬೇಕೆಂದು ಸಂಶಯಪ್ಪನ ಕೈಯೂ ತುರಿಸುತ್ತಿತ್ತು. ಹಾಗೆ ತುರಿಸಿದ್ದಕ್ಕೇ ಅನುಮಾನ ಬಂತು. ಮಾತು ಕಲಿಸುವ ಡಾಕ್ಟರಮ್ಮನ ಬಳಿ ಹೋಗಿ, ಧ್ವನಿ ಹೇಗೆ ರೆಕಾರ್ಡ್ ಮಾಡಿದಿರೆಂದು ಕೇಳಿದ.

"ಒಂದೊಂದು ಮಾತು ಬರೆದ ಚೀಟಿ ತೋರಿಸಿ ಓದಿಸ್ತೀವಿ. ಸುಲಭದ್ದು ಮೊದಲು, ಕಷ್ಟದ್ದು ಕೊನೆಗೆ. ಪಾಪ, ಶುರುವಲ್ಲೇ ಅವರ ಧೈರ್ಯ ಕೆಡಬಾರದು ನೋಡಿ."

"ಎಲ್ಲರಿಗೂ ಅದೇ ಕ್ರಮವಾ?"

"ಮತ್ತೆ? ಒಬ್ಬೊಬ್ಬರಿಗೆ ಒಂದೊಂದು ಥರ ಮಾಡಿದ್ರೆ ಭೇದ ಮಾಡಿದ ಹಾಗಾಗಲ್ವಾ?"

ಸಂಶಯಪ್ಪ ಚೀಟಿಗಳನ್ನು ಇಸ್ಪೀಟು ಕಲಸುವಂತೆ ಕಲಸಿ ಬೇರೆ ಕೆಲವು ರೋಗಿಗಳಿಂದ ಹೊಸದಾಗಿ ಓದಿಸಿದ. ಪರೀಕ್ಷೆ ಸರಳ: ಕಿವಿ ಮುಚ್ಚಿಕೊಂಡು ಸುಮ್ಮನೆ ಊಹಿಸುವವನಿಗೆ ಎಷ್ಟು ಸರಿ ಬರಬಹುದು? ಯಂತ್ರಕ್ಕೆ ಅದಕ್ಕಿಂತ ಹೆಚ್ಚು ಬಂದರೆ, ಆ ಹೆಚ್ಚಳ ಬರೀ ಅದೃಷ್ಟದಿಂದ ಬರುವಂಥದ್ದೇ? ನೋಡಿದರೆ ಹೆಚ್ಚಳವೇ ಇರಲಿಲ್ಲ. ಎಲ್ಲರೂ ಒಂದೇ ಕ್ರಮದಲ್ಲಿ ಓದಿದ್ದರಿಂದ ಯಂತ್ರ ಕಲಿತದ್ದು ಮಾತನ್ನಲ್ಲ, ದಣಿವನ್ನು. ದನಿ ಗಟ್ಟಿಯಾಗಿದ್ದರೆ ಮೊದಲ ಚೀಟಿ, ಉಸಿರು ಸೋತಿದ್ದರೆ ಕೊನೆಯ ಚೀಟಿ. ಹುರುಪಿನ ಅಜ್ಜನೊಬ್ಬ "ಮನೆಗೆ ಹೋಗ್ತೀನಿ" ಎಂದು ಗುಡುಗಿದರೆ, ಅದು ಬಹಳ ವಿನಯದಿಂದ ಮೊದಲ ಚೀಟಿಯ "ನೀರು ಬೇಕು" ಎಂದಿತು.

ಮ್ಯಾನೇಜರಿಗೆ ಹೇಳುವುದು ಕಷ್ಟವಾಗಲಿಲ್ಲ. ಅವರ ಮುಖ ಸಪ್ಪಗಾದದ್ದನ್ನು ಕಂಡು, ಸುಳ್ಳೇಕೆ, ತುಸು ಹಿತವೇ ಆಯಿತು. ತಂಗಿಯ ಮನೆಯ ಮೆಟ್ಟಿಲುಗಳನ್ನು ಮಾತ್ರ ಒಂದೊಂದೇ ಎಣಿಸುತ್ತ ಹತ್ತಿದ.

ಅವಳು ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಳು. ಎಲ್ಲ ಕೇಳಿ ಎಣ್ಣೆಯ ಡಬ್ಬಿ ಕೆಳಗಿಟ್ಟಳು. ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಅವನ ಮುಂದೆ ಹಿಡಿದಳು: "ಅವತ್ತು ನಾನು ಹೇಳಿದ್ದು ಅದಕ್ಕೆ ಅರ್ಥ ಆಯ್ತಲ್ಲ ಅಣ್ಣ?"

"ಇಲ್ಲ ಪುಟ್ಟಿ. ನಿನಗೆ ಸುಸ್ತಾಗಿದ್ದು ಗೊತ್ತಾಯ್ತು, ಅಷ್ಟೇ."

ಅವಳ ಕಣ್ಣು ತುಂಬಿದ್ದನ್ನು ಕಂಡು, ಸಮಾಧಾನ ಮಾಡುವ ಭರದಲ್ಲಿ ಅವನು ಎದೆಯುಬ್ಬಿಸಿದ. "ಆ ಯಂತ್ರ ಹಾಳಾಗ್ಲಿ, ನಾನಿಲ್ವಾ? ನೀನಂದಿದ್ದು ಒಂದಕ್ಷರ ಬಿಡದ ಹಾಗೆ ನನಗೆ ತಿಳಿಯುತ್ತೆ."

ತಂಗಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಫೋನಿನಲ್ಲಿ ಉತ್ತರ ಬಂತು: "ನಿನ್ನನ್ನ ಯಾರು ಪರೀಕ್ಷೆ ಮಾಡಿದಾರೆ ಸಂಶಯಪ್ಪನೋರೇ? ಆ ಕಡೆ ತಿರುಗಿ ಕೂತ್ಕೊಳ್ಳಿ."

ಗೋಡೆಗೆ ಮುಖ ಮಾಡಿ ಕುಳಿತ. ಅವನ ಚೀಲದಲ್ಲಿದ್ದ ಚೀಟಿಗಳನ್ನು ಅವಳೇ ಕಲಸಿ ಒಂದೊಂದಾಗಿ ಓದತೊಡಗಿದಳು. ಈಗ ಅವಳ ಕೈಸನ್ನೆ ಇಲ್ಲ, ಕಣ್ಣು ಎತ್ತ ಹೊರಳಿತೆಂದು ತಿಳಿಯದು. ಬೆನ್ನ ಹಿಂದಿನಿಂದ ಬರೀ ದನಿ. "ಟೀ ಬೇಕು" ಎಂದ. ಚೀಟಿಯಲ್ಲಿದ್ದದ್ದು "ಹೊರಗೆ ಹೋಗೋಣ". "ಕಿಟಕಿ ಮುಚ್ಚು" ಎಂದ. ಅದು "ನನಗೆ ಭಯ ಆಗ್ತಿದೆ". ಅಲ್ಲೊಂದು ಇಲ್ಲೊಂದು ಸರಿ ಬಂತು, ಅಷ್ಟೇ. ಇಷ್ಟು ದಿನವೂ ಸಂಜೆಯಾದರೆ ಟೀ, ಗಾಳಿ ಬೀಸಿದರೆ ಕಿಟಕಿ ಎಂದು ಹೊತ್ತು ನೋಡಿ ಊಹಿಸುತ್ತ, ತಂಗಿಯ ಮಾತು ಕೇಳುತ್ತಿದ್ದೇನೆಂದು ಬೀಗಿದ್ದ. ಅವಳು ಭಯ ಎಂದಾಗ ಎಷ್ಟು ಸಲ ಎದ್ದು ಹೋಗಿ ಕಿಟಕಿ ಮುಚ್ಚಿ ಬಂದಿದ್ದನೋ.

ತಿರುಗಿದವನ ಮುಖ ಕಂಡು ತಂಗಿಗೆ ನಗು ತಡೆಯಲಾಗಲಿಲ್ಲ. "ಫೇಲ್" ಎಂದಳು. ಆ ಒಂದು ಮಾತು ಮಾತ್ರ ಅಚ್ಚುಕಟ್ಟಾಗಿ ಕೇಳಿಸಿತು. ಆಮೇಲೆ ಫೋನಿನಲ್ಲಿ ಬರೆದಳು: "ಡಾಕ್ಟರಮ್ಮನಿಗೆ ಹೇಳು. ಮೊದಲಿಂದ ಓದ್ತೀನಿ. ಚೀಟಿ ಕಲಸ್ಲಿ. ಸುಸ್ತಾದ್ರೆ ಆಗ್ಲಿ."

ಫೋನನ್ನು ಬದಿಗಿಟ್ಟು ಬಾಯಲ್ಲೇ ಏನೋ ಅಂದಳು. ಅರ್ಧ ಎದ್ದಿದ್ದ ಸಂಶಯಪ್ಪ ಮತ್ತೆ ಕುಳಿತ.

"ಅರ್ಥ ಆಗ್ಲಿಲ್ಲ ಪುಟ್ಟಿ. ಇನ್ನೊಂದ್ಸಲ ಹೇಳು."

ಹೇಳಿದಳು. ಅವನು ಮತ್ತೆ ಕೇಳಿದ. ಬೇಸರಿಸದೆ, ಒಂದೊಂದೇ ಮಾತು ಬಿಡಿಸಿ ಹೇಳಿದಳು; ಅವನು ಅವಳ ತುಟಿಯನ್ನೇ ನೋಡುತ್ತ, ಪಾಠ ಒಪ್ಪಿಸುವವನಂತೆ ಅವಳ ಮಾತಿನ ಹಿಂದೆಯೇ ಹೇಳಿದ:

"ನೀಲಿ... ದಾರ... ಮುಗಿದಿದೆ?"

ತಂಗಿ ಹೌದೆಂದು ತಲೆಯಾಡಿಸಿದಳು. ಅವನು ಚಪ್ಪಲಿ ಮೆಟ್ಟಿ ದಾರ ತರಲು ಹೊರಟ.